ವಂಶ ಹೇಳುವವನ ವಂಶ

ಕೊರಿಯಾ ದೇಶದಲ್ಲಿ, ಒಂದು ನದಿ ಕಡಲಿಗೆ ಸೇರುವ ಕಡೆ, ಸೋಂಗಮ್ ಎಂಬ ಗುರುಗಳಿದ್ದರು. ಬೆಟ್ಟದ ಮಗ್ಗುಲಲ್ಲಿ ಹುಲ್ಲು ಹೊದಿಸಿದ ಒಂದು ಆಶ್ರಮ, ಎದುರಿಗೆ ನೀರು. ಇಷ್ಟೇ ಅವರ ಬದುಕು.

ಆದರೆ ವರ್ಷಕ್ಕೊಂದು ದಿನ ಆ ನಾಡಿನ ಅರಸ ಅವರ ಮುಂದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಯಾಕೆಂದರೆ ಅರಸರ ವಂಶ ಪೂರ್ತಿ ಇದ್ದದ್ದು ಈ ಮುದುಕರ ನಾಲಿಗೆಯ ಮೇಲೆ. ಶರತ್ಕಾಲದಲ್ಲಿ ಹಿರಿಯರ ಪೂಜೆ ನಡೆಯುವಾಗ, ಮೊದಲ ಅರಸನ ಸಮಾಧಿಯ ಎದುರು ನಿಂತು, ಅದನ್ನು ಒಂದಕ್ಷರ ಬಿಡದೆ ಹೇಳುವುದು ಅವರ ಕೆಲಸ. ಬರೆದಿಡುವ ಹಾಗಿರಲಿಲ್ಲ. ಗುರುವಿನ ಬಾಯಿಂದ ಶಿಷ್ಯನ ಬಾಯಿಗೆ ಬರಬೇಕಿತ್ತು.

ಆ ವಂಶದ ಮೊದಲು ಹೀಗಿತ್ತು. ಒಂದು ಬೆಳಗ್ಗೆ ಕಡಲ ಮೇಲೆ ಮರದ ಪೆಟ್ಟಿಗೆಯೊಂದು ತೇಲಿಬಂತು. ಪೆಟ್ಟಿಗೆಯೊಳಗೆ ಬಂಗಾರದ ಬಣ್ಣದ ಮೊಟ್ಟೆ. ಮೊಟ್ಟೆ ಬಿರಿಯಿತು, ಗಂಡುಮಗು ಎದ್ದು ಕೂತಿತು. ಆ ಮಗುವೇ ಬೆಳೆದು ನಾಡು ಕಟ್ಟಿತು.

ನಗಬೇಡಿ. ನಮ್ಮ ಕಡೆಯ ಅರಸರೇನು ಕಡಿಮೆಯೇ? ಸೂರ್ಯನಿಂದ, ಚಂದ್ರನಿಂದ ನೆಟ್ಟಗೆ ಇಳಿದುಬಂದವರೇ ಎಲ್ಲ.

ಸೋಂಗಮ್ ಗುರುಗಳಿಗೆ ಒಬ್ಬನೇ ಶಿಷ್ಯ. ಹೇಚುನ್ ಅಂತ ಅವನ ಹೆಸರು. ಕೇಳಿದ್ದು ಮರೆಯದ ತಲೆ, ಗಂಟೆ ಹೊಡೆದ ಹಾಗೆ ಕಂಠ. ಅರಸರ ಹೆಸರುಗಳೆಲ್ಲ, ಅವರ ರಾಣಿಯರು, ಅವರ ಯುದ್ಧಗಳು, ಎಲ್ಲ ಅವನಿಗೆ ಬಾಯಿಪಾಠ.

ಆ ವರ್ಷ ಗುರುಗಳ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಹತ್ತಿರ ಕೂತವರಿಗೆ ಮಾತ್ರ ಮಾತು ಕೇಳಿಸುತ್ತಿತ್ತು.

ಗುರುಗಳು ಶಿಷ್ಯನನ್ನು ಕರೆದು ಹೇಳಿದರು, "ಈ ಸಲ ಸಮಾಧಿಯ ಮುಂದೆ ನೀನು ನಿಲ್ಲು."

ಹೇಚುನ್ ಕಾಲಿಗೆ ಬಿದ್ದ. ಇದೇ ದಿನಕ್ಕಾಗಿ ಅವನು ಊರು ಬಿಟ್ಟು ಬಂದದ್ದು.

"ಅರಸರದ್ದೆಲ್ಲ ನಿನಗೆ ಬರುತ್ತೆ," ಎಂದರು ಗುರುಗಳು. "ಈಗ ನಿನ್ನದು ಹೇಳು."

ಹೇಚುನ್ ತಲೆ ಎತ್ತಲಿಲ್ಲ.

ಅಲ್ಲಿ ಒಂದು ಪದ್ಧತಿ ಇತ್ತು. ಅರಸರ ವಂಶ ಹೇಳಲು ಹೊಸದಾಗಿ ಬಂದವನು ಮೊದಲು ಸಮಾಧಿಯ ಹೆಬ್ಬಾಗಿಲ ಹೊರಗೆ ನಿಲ್ಲಬೇಕು. ಎಲ್ಲರಿಗೂ ಕೇಳುವಂತೆ ತನ್ನ ವಂಶ ಹೇಳಬೇಕು. ತನ್ನ ತಂದೆ, ಅವನ ತಂದೆ, ಅವನ ತಂದೆ. ಅದಾದ ಮೇಲೆಯೇ ಬಾಗಿಲು ತೆರೆಯುವುದು. ತನ್ನವರ ಹೆಸರು ಹೇಳಲಾರದ ಬಾಯಲ್ಲಿ ಅರಸನ ಹೆಸರು ಬರಬಾರದು ಅಂತ ಅವರ ಲೆಕ್ಕ.

ಹೇಚುನ್ ಆಶ್ರಮಕ್ಕೆ ಬಂದ ದಿನ ಒಂದು ಮಾತು ಹೇಳಿದ್ದ. "ನಾನು ಯೋಧರ ಮನೆಯವನು, ಗುರುಗಳೇ. ಅಪ್ಪ ಅಮ್ಮ ಇಬ್ಬರೂ ಸಾಂಕ್ರಾಮಿಕ ರೋಗದಲ್ಲಿ ಹೋದರು."

ಅದು ಸುಳ್ಳು. ಅವನಿಗೆ ಅಪ್ಪ ಯಾರೆಂದೇ ಗೊತ್ತಿರಲಿಲ್ಲ. ಅಮ್ಮ ಇದ್ದಳು, ಗಟ್ಟಿಮುಟ್ಟಾಗಿಯೇ ಇದ್ದಳು. ಪಡುವಣ ಕಡಲ ದಂಡೆಯಲ್ಲಿ ಉಪ್ಪುನೀರು ಕಾಯಿಸಿ ಉಪ್ಪು ತೆಗೆಯುತ್ತಿದ್ದಳು. ತಂದೆಯಿಲ್ಲದ ಉಪ್ಪಿನವಳ ಮಗನಿಗೆ ಯಾವ ಗುರು ಬಾಗಿಲು ತೆರೆದಾರು ಎಂದು ಹೆದರಿ ಹಾಗೆ ಹೇಳಿದ್ದ.

"ನಾಳೆ ಹೇಳುತ್ತೇನೆ, ಗುರುಗಳೇ," ಎಂದ ಹೇಚುನ್.

ಮಾರನೆಯ ದಿನ ಬಂದು ಕೂತು ಶುರು ಮಾಡಿದ. ವಂಶ ಹೇಳುವುದರಲ್ಲೇ ಪಳಗಿದವನು, ಅವನಿಗೇನು ಬರ! ಮುತ್ತಜ್ಜನನ್ನು ಹೊಟ್ಟೆಯಲ್ಲಿಟ್ಟುಕೊಂಡ ಹೆಂಗಸಿನ ಮೇಲೆ ಆಕಾಶದಿಂದ ಬೆಳಕು ಬಿತ್ತಂತೆ. ಅಜ್ಜ ಬಿಳಿಯ ಕುದುರೆ ಏರಿ ಗಡಿ ಕಾಯ್ದನಂತೆ. ಅಪ್ಪ ಒಂದೇ ಬಾಣದಲ್ಲಿ ಎರಡು ಹುಲಿ ಹೊಡೆದನಂತೆ.

ಗುರುಗಳು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಭೇಷ್! ಅರಸರದ್ದಕ್ಕಿಂತ ಚೆನ್ನಾಗಿದೆ. ಅವರ ವಂಶದಲ್ಲಿ ಹುಲಿಯೇ ಇಲ್ಲ."

ಹೇಚುನ್ ಕೈಮುಗಿದು ಏಳಲು ಹೊರಟ.

"ನಿನ್ನ ತಾಯಿ?"

"ಅವರು... ಅಪ್ಪ ತೀರಿಕೊಂಡ ವರ್ಷವೇ ಹೋದರು."

"ಪಾಪ," ಎಂದರು ಗುರುಗಳು. "ಇಷ್ಟು ದೊಡ್ಡ ಹಿರಿಯರು. ನಮ್ಮ ಆಶ್ರಮದಲ್ಲಿ ಇಷ್ಟು ವರ್ಷ ಅವರಿಗೊಂದು ಎಡೆ ಇಡಲಿಲ್ಲವಲ್ಲ ನಾವು! ಇವತ್ತು ಸಂಜೆ ಇಡೋಣ. ನಾನೇ ಅನ್ನ ಮಾಡುತ್ತೇನೆ."

"ನಿಮಗೆ ಯಾಕೆ ತೊಂದರೆ, ಗುರುಗಳೇ..."

"ತೊಂದರೆ ಏನು ಬಂತು? ಅವರು ಸತ್ತಿದ್ದಾರೆ, ನಾವು ಇದ್ದೇವೆ. ಇಡಬೇಕಾದ್ದೇ."

ಸಂಜೆ ಗುರುಗಳು ಬಿಸಿಬಿಸಿ ಅನ್ನ ಮಾಡಿ ಮೇಜಿನ ಮೇಲೆ ಬಟ್ಟಲು ಸಾಲಾಗಿ ಜೋಡಿಸಿದರು. ಮುತ್ತಜ್ಜನಿಗೆ, ಅಜ್ಜನಿಗೆ, ಅಪ್ಪನಿಗೆ, ಅಮ್ಮನಿಗೆ. ಪ್ರತಿ ಬಟ್ಟಲ ಪಕ್ಕ ಒಂದೊಂದು ಚಮಚ ಇಟ್ಟರು.

ಇಲ್ಲೊಂದು ವಿಷಯ ಹೇಳಬೇಕು. ಆ ದೇಶದಲ್ಲಿ ಊಟ ಮಾಡುವಾಗ ಅನ್ನದಲ್ಲಿ ಚಮಚವನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವುದಿಲ್ಲ. ಚಿಕ್ಕ ಮಕ್ಕಳು ಗೊತ್ತಿಲ್ಲದೆ ಹಾಗೆ ಮಾಡಿದರೆ ಕೈಮೇಲೆ ಏಟು ಬೀಳುತ್ತದೆ. ಹಾಗೆ ಚುಚ್ಚುವುದು ಸತ್ತವರ ಎಡೆಯಲ್ಲಿ ಮಾತ್ರ. ಬದುಕಿದ್ದವರಿಗೆ ಹಾಗೆ ಮಾಡಿದರೆ, ನಮ್ಮಲ್ಲಿ ಜೀವ ಇದ್ದವರಿಗೆ ಪಿಂಡ ಇಟ್ಟ ಹಾಗೆ.

"ಚುಚ್ಚು," ಎಂದರು ಗುರುಗಳು. "ನಿನ್ನ ಹಿರಿಯರು. ನಿನ್ನ ಕೈಯಿಂದಲೇ ಆಗಬೇಕು."

ಹೇಚುನ್ ಮುತ್ತಜ್ಜನ ಅನ್ನದಲ್ಲಿ ಚಮಚ ನಿಲ್ಲಿಸಿದ. ಅಜ್ಜನದ್ದರಲ್ಲೂ ನಿಲ್ಲಿಸಿದ. ಅಪ್ಪನದ್ದರಲ್ಲೂ ನಿಲ್ಲಿಸಿದ. ಇರದವರಿಗೆ ಇಡುವುದಕ್ಕೆ ಏನು ಕಷ್ಟ! ಕೈ ಸಲೀಸಾಗಿ ಹೋಯಿತು.

ಕೊನೆಯ ಬಟ್ಟಲಿಗೆ ಬಂದ. ಚಮಚ ಎತ್ತಿಕೊಂಡ.

ಕೈ ಅಲ್ಲೇ ನಿಂತಿತು.

ಅನ್ನದ ಹಬೆ ಅವನ ಬೆರಳಿಗೆ ತಾಗುತ್ತಿತ್ತು. ಅವನಿಗೆ ಅಮ್ಮ ಕಣ್ಣ ಮುಂದೆ ಬಂದಳು, ಉಪ್ಪಿನ ಒಲೆಯ ಮುಂದೆ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು.

"ಅನ್ನ ಆರುತ್ತೆ," ಎಂದರು ಗುರುಗಳು.

"ಆಗಲ್ಲ, ಗುರುಗಳೇ."

"ಯಾಕಪ್ಪಾ?"

"ನಮ್ಮಮ್ಮ ಬದುಕಿದ್ದಾಳೆ!" ಎಂದು ಹೇಚುನ್ ಚಮಚ ಕೆಳಗಿಟ್ಟು ಅತ್ತುಬಿಟ್ಟ. ಇನ್ನೊಂದು ಗಳಿಗೆ ಆಗಿದ್ದರೆ ಹೆತ್ತವಳನ್ನು ತನ್ನ ಕೈಯಾರೆ ಸಾಯಿಸುತ್ತಿದ್ದೆನಲ್ಲ ಎಂದು ಅವನಿಗೆ ಭಯವಾಯಿತು, ನಾಚಿಕೆಯೂ ಆಯಿತು.

"ಗೊತ್ತು," ಎಂದರು ಗುರುಗಳು.

ಶಿಷ್ಯ ತಲೆ ಎತ್ತಿದ.

"ಹೋದ ಚಳಿಗಾಲದಲ್ಲಿ ಒಬ್ಬಳು ಉಪ್ಪಿನ ಮೂಟೆ ಹೊತ್ತು ಬಂದಿದ್ದಳಲ್ಲ. ಯಾರಪ್ಪಾ ಇವರು ಅಂತ ನಾನು ಕೇಳಿದೆ. ಯಾರೋ ಉಪ್ಪಿನವಳು ಅಂತ ನೀನು ಅಂದೆ. ಅವಳಿಗೂ ಕೇಳಿಸಿತು. ಹೌದು ಸ್ವಾಮಿ, ಉಪ್ಪಿನವಳು ಅಂತ ಅವಳೂ ಅಂದಳು. ಹೋಗುವಾಗ ನಿನ್ನ ಕಡೆ ತಿರುಗಿ ತಿರುಗಿ ನೋಡಿದಳು. ಉಪ್ಪಿನವಳು ಹಾಗೆ ನೋಡುವುದಿಲ್ಲ."

"ಅವತ್ತೇ ಯಾಕೆ ಕೇಳಲಿಲ್ಲ, ಗುರುಗಳೇ?"

"ಕೇಳಿದ್ದರೆ ನೀನು ಇನ್ನೊಂದು ಸುಳ್ಳು ಹೇಳುತ್ತಿದ್ದೆ. ಆಮೇಲೆ ಅದಕ್ಕೂ ಒಂದು ಎಡೆ ಇಡಬೇಕಾಗಿತ್ತು."

"ಈಗ ನಾನೇನು ಮಾಡಲಿ?"

ಗುರುಗಳು ನಾಲ್ಕನೆಯ ಬಟ್ಟಲನ್ನು ಅವನ ಕಡೆ ಸರಿಸಿದರು.

"ಇದು ಬದುಕಿದ್ದವರದು. ಬದುಕಿದ್ದವರಿಗೆ ಹೊಟ್ಟೆ ಹಸಿಯುತ್ತೆ. ಬುತ್ತಿ ಕಟ್ಟಿಕೊಂಡು ಬೆಳಗ್ಗೆ ಹೊರಡು."

"ಇವರು ಮೂವರು?"

ಗುರುಗಳು ಹುಲಿ ಹೊಡೆದ ಅಪ್ಪನ ಬಟ್ಟಲಿಂದ ಚಮಚ ಕಿತ್ತು, ಅನ್ನವನ್ನು ಬಾಯಿಗೆ ಹಾಕಿಕೊಂಡರು. "ಇವರು ಯಾರೂ ಬರುವ ಹಾಗೆ ಕಾಣಲ್ಲ. ನನಗೆ ಹಸಿವಾಗಿದೆ."

ಮಾರನೆಯ ದಿನ ಹೇಚುನ್ ಕಡಲ ದಂಡೆಗೆ ಹೋದ. ಅವನ ತಾಯಿ ಗನ್ನಾನ್ ದೊಡ್ಡ ಬಾಣಲೆಯ ಮುಂದೆ ಕೂತು ಉಪ್ಪುನೀರು ಕಾಯಿಸುತ್ತಿದ್ದಳು. ಮಗನನ್ನು ಕಂಡು ಎದ್ದಳು, ಆಮೇಲೆ ಸುತ್ತ ಮುತ್ತ ನೋಡಿದಳು.

"ಯಾರಾದ್ರೂ ಜೊತೆಗೆ ಬಂದಿದ್ದಾರಾ? ನಾನು ಒಳಗೆ ಹೋಗ್ಲಾ?"

ಮಗನ ಮರ್ಯಾದೆ ಉಳಿಸಲು ಬಚ್ಚಿಟ್ಟುಕೊಳ್ಳುವುದನ್ನು ಅವಳು ಅಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದಳು.

"ಯಾರೂ ಇಲ್ಲಮ್ಮಾ. ನಿನಗೆ ಅನ್ನ ತಂದಿದ್ದೀನಿ. ಕೂತ್ಕೋ."

ಅವಳು ಉಂಡಳು. ಆಮೇಲೆ ಅವನು ಎಲ್ಲ ಹೇಳಿದ. ಹೆಬ್ಬಾಗಿಲು, ಪದ್ಧತಿ, ತಾನು ಹೇಳಿದ ಸುಳ್ಳು, ಚಮಚ, ಒಂದೂ ಬಿಡಲಿಲ್ಲ.

"ಅಪ್ಪ ಯಾರಮ್ಮಾ?" ಎಂದು ಕೇಳಿದ.

"ಹಡಗಿನವನು. ಬರ್ತೀನಿ ಅಂದ, ಬರಲಿಲ್ಲ. ಹೇಳಿದ ಹೆಸರು ನಿಜವೋ ಸುಳ್ಳೋ, ಯಾರಿಗೆ ಗೊತ್ತು? ಅದನ್ನು ನಿನ್ನ ತಲೆಗೆ ಕಟ್ಟಲಾ?"

"ನಿನ್ನ ಅಪ್ಪ ಅಮ್ಮ?"

ಅವಳು ನಕ್ಕಳು. "ಈ ಒಲೆಗೆ ತಂದ ಕಟ್ಟಿಗೆ ರಾಶಿ ಹತ್ರ ನನ್ನನ್ನ ಬಟ್ಟೆ ಸುತ್ತಿ ಬಿಟ್ಟು ಹೋಗಿದ್ರಂತೆ. ಉಪ್ಪಿನವರು ಎತ್ಕೊಂಡು ಸಾಕಿದ್ರು."

ಒಲೆಗೆ ಇನ್ನೆರಡು ಕಟ್ಟಿಗೆ ತಳ್ಳಿ, ಅವನ ಮುಖ ನೋಡದೆ ಹೇಳಿದಳು:

"ಮಗಾ, ನಾನು ಸತ್ತೆ ಅಂತಲೇ ಹೇಳ್ಬಿಡು. ನನಗೇನೂ ಬೇಜಾರಿಲ್ಲ. ನೀನು ಆ ಬಾಗಿಲು ದಾಟಿ ಹೋದ್ರೆ ಸಾಕು. ಚಮಚನೂ ಚುಚ್ಚು. ಅದರಿಂದ ಯಾರೂ ಸಾಯಲ್ಲ."

ಹೇಚುನ್ ಅವಳ ಕೈ ಹಿಡಿದುಕೊಂಡ. ಉಪ್ಪಿಗೆ ಒಡೆದು ಗಟ್ಟಿಯಾದ ಕೈ.

ಹಿಂದಿರುಗಿ ಬಂದು ಗುರುಗಳ ಮುಂದೆ ನಿಂತ.

"ಅಮ್ಮ ಸುಳ್ಳು ಹೇಳು ಅಂತಾಳೆ, ಗುರುಗಳೇ."

"ತಾಯಿ. ಹಾಗೇ ಹೇಳುತ್ತಾಳೆ."

"ನಿಜ ಹೇಳಿದರೆ ನನ್ನನ್ನು ಹೊಡೆದು ಓಡಿಸುತ್ತಾರೆ, ಅಲ್ಲವೇ?"

"ಓಡಿಸಬಹುದು. ಹೆಬ್ಬಾಗಿಲಲ್ಲಿ ಹಿಂದೆ ಯಾರೂ ಹಾಗೆ ಹೇಳಿದ್ದು ನನಗೆ ನೆನಪಿಲ್ಲ."

"ಕಲಿತದ್ದೆಲ್ಲ ನೀರಲ್ಲಿ ಹೋಮ ಆಗುತ್ತೆ."

"ಆಗುತ್ತೆ."

"ನೀವು ಏನು ಹೇಳುತ್ತೀರಿ?"

"ನನ್ನ ಗಂಟಲು ಹೋಗಿದೆಯಪ್ಪಾ," ಎಂದರು ಗುರುಗಳು. "ನೀನೇ ಹೇಳಬೇಕು."

ಪೂಜೆಯ ದಿನ ಬಂತು. ಸಮಾಧಿಯ ಸುತ್ತ ಜನವೋ ಜನ. ಹೆಬ್ಬಾಗಿಲ ಮುಂದೆ ಪೂಜೆಯ ಅಧಿಕಾರಿ ಬೆಳ್ಳಿಕಟ್ಟಿನ ಕೋಲು ಅಡ್ಡ ಹಿಡಿದು ನಿಂತಿದ್ದ. ದೂರದಲ್ಲಿ ಅರಸನ ಪಲ್ಲಕ್ಕಿಯ ನಗಾರಿ ಕೇಳಿಸುತ್ತಿತ್ತು.

"ಅರಸರ ವಂಶ ಹೇಳಲು ಬಂದವನೇ, ನೀನು ಯಾರು?" ಎಂದು ಅಧಿಕಾರಿ ಕೂಗಿ ಕೇಳಿದ.

ಹೇಚುನ್ ಜನರ ಕಡೆ ನೋಡಿದ. ಅಮ್ಮ ಬಂದಿರಲಿಲ್ಲ. ಒಲೆ ಬಿಟ್ಟು ಬರುವ ಹಾಗಿರಲಿಲ್ಲ ಅವಳಿಗೆ. ಏನು ಹೇಳಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಮುತ್ತಜ್ಜನ ಬೆಳಕು, ಅಜ್ಜನ ಕುದುರೆ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು.

ಉಸಿರು ಎಳೆದುಕೊಂಡು ಬಾಯಿ ತೆರೆದ. ಆ ಕಂಠ ಸಮಾಧಿಯ ದಿಬ್ಬದವರೆಗೂ ಹೋಯಿತು.

"ನಾನು ಹೇಚುನ್. ಗನ್ನಾನಳ ಮಗ. ಗನ್ನಾನ್ ಪಡುವಣ ಕಡಲ ದಂಡೆಯಲ್ಲಿ ಉಪ್ಪು ಕಾಯಿಸುವವಳು. ಬದುಕಿದ್ದಾಳೆ. ನನ್ನ ತಂದೆ ಯಾರು, ನನಗೆ ತಿಳಿಯದು. ಅವಳ ತಂದೆ ತಾಯಿ ಯಾರು, ಅವಳಿಗೂ ತಿಳಿಯದು. ಅದರಿಂದ ಆಚೆ ನನ್ನ ವಂಶದಲ್ಲಿ ಹೇಳಲು ಏನೂ ಇಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ಯಾರೋ "ಶ್!" ಎಂದರು.

ಅಧಿಕಾರಿಯ ಮುಖ ಕೆಂಡವಾಯಿತು. ಕೋಲು ಎತ್ತಿದ. ಹೇಚುನ್ ಕದಲದೆ ನಿಂತ. ಏಟು ಬೀಳುತ್ತದೆ ಎಂದೇ ಅವನು ಅಂದುಕೊಂಡಿದ್ದ. ಆದರೂ ಎದೆಯ ಮೇಲಿನ ಭಾರ ಇಳಿದು ಹಗುರಾಗಿತ್ತು.

ಅಷ್ಟರಲ್ಲಿ ನಗಾರಿ ಇನ್ನೂ ಹತ್ತಿರ ಬಂತು. ಅಧಿಕಾರಿ ಗುರುಗಳ ಕಡೆ ನೋಡಿದ. ಗುರುಗಳು ತಮ್ಮ ಗಂಟಲು ಮುಟ್ಟಿ ತೋರಿಸಿದರು. ಅರಸರ ವಂಶ ಬಲ್ಲ ಇನ್ನೊಂದು ಬಾಯಿ ನಾಡಿನಲ್ಲೇ ಇರಲಿಲ್ಲ. ಅಧಿಕಾರಿ ಹಲ್ಲು ಕಚ್ಚಿ ಕೋಲು ಇಳಿಸಿದ. ಹೆಬ್ಬಾಗಿಲು ತೆರೆಯಿತು.

ಹೇಚುನ್ ಬಗ್ಗಿ ಗುರುಗಳ ಪಾದ ಮುಟ್ಟಿ ಒಳಗೆ ನಡೆದ.

ಅವನು ಹೊಸ್ತಿಲು ದಾಟುವಾಗ ಅಧಿಕಾರಿ ಗುರುಗಳ ಕಿವಿಯ ಹತ್ತಿರ ಬಾಗಿ ಸಿಡುಕಿದ. "ಎಂಥ ಕೆಲಸ ಮಾಡಿಟ್ಟಿರಿ, ಸ್ವಾಮಿ! ಊರಿಗೆ ಊರೇ ಕೇಳಿದೆ. ನಾಳೆ ಅರಸರು ಕರೆಸಿ, ಇವನ ವಂಶ ಎಂಥದ್ದು ಅಂತ ಕೇಳಿದರೆ ನಾನು ಏನು ಹೇಳಲಿ?"

ಹೇಚುನ್‌ಗೆ ಆ ಪ್ರಶ್ನೆ ಕೇಳಿಸಿತು. ಅವನ ಹೆಜ್ಜೆ ನಿಂತಿತು. ಹಿಂದೆ ತಿರುಗದೆ, ಕಿವಿ ಆ ಕಡೆ ಕೊಟ್ಟು ನಿಂತ.

ಗುರುಗಳು ಉಳಿದಿದ್ದ ಇಷ್ಟೇ ಇಷ್ಟು ಧ್ವನಿಯಲ್ಲಿ ಹೇಳಿದರು:

"ಯಾರ ವಂಶವಾದರೂ ಹಿಂದೆ ಹೋಗುತ್ತಾ ಹೋಗುತ್ತಾ, ಗೊತ್ತಿಲ್ಲ ಅನ್ನುವ ಒಂದು ಜಾಗಕ್ಕೆ ಬಂದು ನಿಲ್ಲುತ್ತೆ ಅಂತ ಹೇಳಿ. ಆ ಜಾಗದಲ್ಲಿ ನಾವು ಒಂದು ಮೊಟ್ಟೆಯನ್ನು ಕೂರಿಸಿದ್ದೇವೆ. ಇವನು ಹೆತ್ತವಳನ್ನು ಕೂರಿಸಿದ."