ಪುಟ್ಟ ನಾಯಿ ತಲೆ ವಾರೆ ಮಾಡುವುದೇಕೆ?

ಲೋಕ ಇನ್ನೂ ಹೊಸದಾಗಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗಳು ಒಂದನ್ನೊಂದು ಕೇಳಿಕೊಳ್ಳುತ್ತಿದ್ದ ಕಾಲ. ಆಗ ಗಾಳಿಯೂ ಮಾತಾಡುತ್ತಿತ್ತು. ಆದರೆ ಅದು ಬಾಯಿ ತೆರೆದರೆ ಸಾಕು, ಜನ ದಡಕ್ಕನೆ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು.

ಆಗ ಒಂದು ಕಟ್ಟಳೆ ಇತ್ತು. ಕೆಲಸವಿಲ್ಲದ್ದೆಲ್ಲ ಗಾಳಿಯ ಪಾಲು. ಒಣಗಿದ ಎಲೆ, ಜೋಳದ ಹೊಟ್ಟು, ಉದುರಿದ ಗರಿ, ಎಲ್ಲವೂ ಹಾಗೇ ಹೋಗಿದ್ದವು. ನಾಯಿಗಳಿಗೆ ಮಾತ್ರ ಆ ಭಯವಿರಲಿಲ್ಲ. ಒಂದು ಕುರಿ ಕಾಯುತ್ತಿತ್ತು, ಒಂದು ಹೊಲ ಕಾಯುತ್ತಿತ್ತು, ಇನ್ನೊಂದು ಬೇಟೆಗೆ ಹೋಗುತ್ತಿತ್ತು.

ಬಟ್ಟೆಯ ಚೂರು ಜೋಡಿಸಿ ಕೌದಿ ಹೊಲಿಯುವ ಗುರವ್ವನ ಮನೆಯಲ್ಲಿದ್ದ ನಾಯಿಯೇ ಬೇರೆ ಥರ. ಒಂದು ಮೊಳ ಉದ್ದವೂ ಇಲ್ಲ. ಮೈತುಂಬ ಬಿಳಿ ಕೂದಲು, ಅದರ ನಡುವೆ ಎರಡು ಕಪ್ಪು ಕಣ್ಣು. ಗುರವ್ವನ ಮೊಮ್ಮಗಳು ಹೊನ್ನಿ ಅದಕ್ಕೆ ಅರಳೆ ಎಂದು ಹೆಸರಿಟ್ಟಿದ್ದಳು.

ಹೊನ್ನಿಯ ಬಾಯಿಗೆ ಬಿಡುವೇ ಇರಲಿಲ್ಲ. ಇರುವೆ ಎಲ್ಲಿ ಮಲಗುತ್ತದೆ, ಮೋಡಕ್ಕೆ ಹಸಿವಾಗುತ್ತದೋ ಇಲ್ಲವೋ, ಎಲ್ಲವೂ ಅವಳಿಗೆ ಬೇಕು. "ನನ್ನ ತಲಿ ತಿನ್ನಬ್ಯಾಡ, ಹೋಗವ್ವಾ" ಎಂದು ಅಜ್ಜಿ ಅಟ್ಟಿದರೆ, ಅರಳೆಯ ಮುಂದೆ ಹೋಗಿ ಕೂರುತ್ತಿದ್ದಳು.

ಒಂದು ದಿನ ಗಾಳಿ ಕಿಟಕಿಯಲ್ಲಿ ಇಣುಕಿತು. "ಹೊನ್ನಿ, ಅರಳೆಗೇನು ಕೆಲಸ?"

ಹೊನ್ನಿ ಅರಳೆಯನ್ನು ಎತ್ತಿ ಅವಚಿಕೊಂಡಳು.

"ಏಳು ದಿನ ಬಿಟ್ಟು ಬರ್ತೀನಿ. ಅಷ್ಟರೊಳಗ ಹೇಳು. ಇಲ್ಲಂದ್ರ ಅದು ನಂದು" ಎಂದಿತು ಗಾಳಿ.

ಮರುದಿನವೇ ಹೊನ್ನಿ ಅರಳೆಯನ್ನು ಕುರಿ ಕಾಯಲು ಕರೆದುಕೊಂಡು ಹೋದಳು. ತಾಯಿಕುರಿಯೊಂದು ಅದನ್ನು ತನ್ನ ಮರಿಯೆಂದೇ ತಿಳಿದು, ಮೈಯೆಲ್ಲ ನೆಕ್ಕಿ ಪಕ್ಕದಲ್ಲಿ ಮಲಗಿಸಿಕೊಂಡಿತು. ಹೊಲಕ್ಕೆ ಕರೆದುಕೊಂಡು ಹೋದಳು. ಗುಬ್ಬಿಗಳು ಹೆದರುವುದಿರಲಿ, ಗೂಡಿಗೆ ಬೇಕೆಂದು ಅದರ ಕೂದಲನ್ನೇ ಕಿತ್ತುಕೊಂಡು ಹೋದವು. ಬೇಟೆಗೆ ಬಿಟ್ಟಳು. ಮೊಲ ತಿರುಗಿ ನಿಂತು ನೋಡಿದ್ದೇ ತಡ, ಅರಳೆ ಓಡಿಬಂದು ಹೊನ್ನಿಯ ಲಂಗದೊಳಗೆ ಹೊಕ್ಕಿತು.

ಆರು ದಿನ ಹೀಗೇ ಕಳೆದವು. "ಕಟ್ಟಳಿ ಅಂದ್ರ ಕಟ್ಟಳಿ. ನಾ ಏನ್ ಮಾಡ್ಲಿ, ನನ್ನ ಕೂಸ?" ಎಂದಳು ಗುರವ್ವ. ಅವಳಿಗೂ ಸಂಕಟವೇ.

ಹೊನ್ನಿ ಸುಮ್ಮನೆ ಕೂರುವವಳಲ್ಲ. ಅಜ್ಜಿಯ ಬುಟ್ಟಿಯಿಂದ ಬಿಳಿ ಬಟ್ಟೆಯ ಚೂರು, ಹತ್ತಿ, ಉಣ್ಣೆ ತೆಗೆದು, ಥೇಟ್ ಅರಳೆಯಂಥದೇ ಗೊಂಬೆ ಹೊಲಿಯತೊಡಗಿದಳು. ಕಣ್ಣಿಗೆ ಎರಡು ಕಪ್ಪು ಬೀಜ. ಗಾಳಿ ಮೋಸ ಹೋಗಿ ಗೊಂಬೆಯನ್ನು ಒಯ್ದರೆ ಅರಳೆ ಉಳಿಯುತ್ತದೆ!

ಆ ಮನೆಯಲ್ಲಿ ಒಂದು ಪದ್ಧತಿ. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೊಂದು ರೊಟ್ಟಿಯ ಚೂರು ಇಡಬೇಕು. ಹೊಲಿದದ್ದರ ಹೊಟ್ಟೆ ಬರಿದಾಗಿರಬಾರದು. ಕೈಗೆ ರೂಢಿಯಾದದ್ದನ್ನು ಹೊನ್ನಿಯ ಕೈ ಇಲ್ಲಿಯೂ ಮಾಡಿತು. ತುಪ್ಪ ಸವರಿದ ರೊಟ್ಟಿಯ ಚೂರನ್ನು ಗೊಂಬೆಯ ಹೊಟ್ಟೆಯಲ್ಲಿಟ್ಟು ಹೊಲಿದುಬಿಟ್ಟಳು.

ಏಳನೆಯ ದಿನ ಮಧ್ಯಾಹ್ನ ಎರಡನ್ನೂ ಮನೆಯ ಮುಂದಿನ ಕಟ್ಟೆಯ ಮೇಲೆ ಪಕ್ಕಪಕ್ಕ ಕೂರಿಸಿದಳು. "ಅಲುಗಾಡಬ್ಯಾಡ" ಎಂದು ಅರಳೆಯ ಕಿವಿಯಲ್ಲಿ ಹೇಳಿದಳು.

ಗಾಳಿ ಬಂತು. "ಹೊನ್ನಿ, ಅರಳೆಗೇನು ಕೆಲಸ?"

"ಏನೂ ಇಲ್ಲ. ಇದ ಅರಳೆ, ತಗೊಂಡು ಹೋಗು" ಎಂದು ಹೊನ್ನಿ ಗೊಂಬೆಯನ್ನು ತೋರಿಸಿದಳು. "ಆ ಕಡಿಗೆ ಇರೋದು ಬರೇ ಗೊಂಬಿ."

ಗಾಳಿ ಎರಡನ್ನೂ ನೋಡಿತು. ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಸರಿ ಎಂದು ಗೊಂಬೆಯ ಕಡೆ ಬೀಸಿತು. ಬೀಸಿದ್ದೇ ತುಪ್ಪದ ವಾಸನೆ ಘಮ್ಮೆಂದು ಎದ್ದಿತು. ಎಲ್ಲಿಂದ ಬಂತಪ್ಪಾ ಈ ವಾಸನೆ ಎಂದು ಅರಳೆಯ ತಲೆ ಮೆಲ್ಲಗೆ ವಾರೆಯಾಯಿತು.

"ಗೊಂಬಿ ತಲಿ ವಾರೆ ಮಾಡ್ತೈತೇನು?" ಎಂದಿತು ಗಾಳಿ.

ಹೊನ್ನಿಗೆ ಅಳು ತಡೆಯಲಾಗಲಿಲ್ಲ. "ಒಯ್ಯಬ್ಯಾಡ! ಅದು ಹೋದ್ರ ನಾ ಯಾರ ಮುಂದ ಮಾತಾಡ್ಲಿ? ನಾ ಹೇಳೋದು ಯಾರೂ ಕೇಳಂಗಿಲ್ಲ. ಅದೊಂದ ಕೇಳ್ತೈತಿ!"

ಅವಳ ದನಿ ಕೇಳಿದ್ದೇ ಅರಳೆ ರೊಟ್ಟಿಯನ್ನು ಮರೆಯಿತು. ಅವಳ ಕಡೆ ತಿರುಗಿ, ತಲೆಯನ್ನು ಇನ್ನೊಂದು ಪಕ್ಕಕ್ಕೆ ವಾರೆ ಮಾಡಿ, ಮುಖವನ್ನೇ ನೋಡಿತು.

ಗಾಳಿ ನಿಂತುಬಿಟ್ಟಿತು. ಒಂದು ಎಲೆಯೂ ಅಲುಗಲಿಲ್ಲ. "ಪೂರ್ತಿ ಕೇಳ್ತೈತಾ?"

"ಪೂರ್ತಿ."

"ನಾ ಹೇಳಿದ್ರೂ?"

ಹೊನ್ನಿ ಮೂಗು ಒರೆಸಿಕೊಂಡಳು. "ಹೇಳಿ ನೋಡು."

ಗಾಳಿ ಕಟ್ಟೆಯ ಮೇಲೆ ಕೂತು ಹೇಳತೊಡಗಿತು. ಸಮುದ್ರದ ಮೇಲೆ ಒಂಟಿಯಾಗಿ ಅಲೆದದ್ದು, ಯಾರೂ ಹತ್ತದ ಬೆಟ್ಟದ ತುದಿಯಲ್ಲಿ ಅರಳಿದ ನೀಲಿ ಹೂವು, ಮುಚ್ಚಿದ ಬಾಗಿಲುಗಳ ಮುಂದೆ ನಿಂತು ಹಿಂದಿರುಗಿದ್ದು. ಸಮುದ್ರದ ಸುದ್ದಿ ಬಂದಾಗ ಅರಳೆ ಈ ಪಕ್ಕಕ್ಕೆ ತಲೆ ವಾರೆ ಮಾಡಿತು, ಬೆಟ್ಟದ ಸುದ್ದಿ ಬಂದಾಗ ಆ ಪಕ್ಕಕ್ಕೆ. ಗಾಳಿಯ ಮಾತು ಮುಗಿಯುವಾಗ ಸಂಜೆಯಾಗಿತ್ತು. ತನ್ನ ಮಾತನ್ನು ಅದು ಕೊನೆಮುಟ್ಟಿಸಿದ್ದು ಅದೇ ಮೊದಲು. ಅದಕ್ಕೆ ಹಗುರವೆನಿಸಿತು.

"ಹೊನ್ನಿ, ಅರಳೆಗೇನು ಕೆಲಸ?" ಎಂದು ಗಾಳಿ ಮೆಲ್ಲಗೆ ಕೇಳಿತು.

"ಕೇಳೋದು" ಎಂದಳು ಹೊನ್ನಿ.

"ಭಾಳ ದೊಡ್ಡ ಕೆಲಸ" ಎಂದು ಗಾಳಿ ಅರಳೆಯನ್ನು ಅಲ್ಲೇ ಬಿಟ್ಟಿತು. ಗೊಂಬೆಯನ್ನು ಮಾತ್ರ ಕೇಳಿ ಪಡೆದು, ಎತ್ತಿಕೊಂಡು ದೇಶದೇಶ ತಿರುಗಿತು. ಅದನ್ನು ಕಂಡ ಊರೂರಿನ ಮಕ್ಕಳು ತಮಗೂ ಅಂಥದೇ ಬೇಕೆಂದು ಹಟ ಹಿಡಿದರು. ಅಂಗಡಿಗಳಲ್ಲಿ ಮೆತ್ತನೆಯ ಬಿಳಿ ನಾಯಿಗೊಂಬೆಗಳು ತುಂಬಿರುವುದು ಅದಕ್ಕೇ.

ಪುಟ್ಟ ನಾಯಿಯೂ ಅದರಂಥದೇ ಗೊಂಬೆಯೂ ಒಂದೇ ಸೋಫಾದ ಮೇಲೆ ಕೂತು, ಯಾವುದು ಯಾವುದೆಂದು ನಿನಗೆ ತಿಳಿಯದೆ ಹೋದರೆ, ಹತ್ತಿರ ಹೋಗಿ ನಿನ್ನ ಮನಸ್ಸಿನಲ್ಲಿರುವುದನ್ನು ಹೇಳು. ಇವತ್ತಿಗೂ ಜೀವವಿರುವುದು ತಲೆ ವಾರೆ ಮಾಡಿ ಪೂರ್ತಿ ಕೇಳುತ್ತದೆ.