ಗುಲಾಬಿ ಎಣ್ಣೆ ಕಾದ ಗುರುಮಲ್ಲ

ಬುದ್ಧಿವಂತರೆಲ್ಲ ಸ್ವಲ್ಪ ಹಿಂದಕ್ಕೆ ಸರಿದು ಕೂತ್ಕೊಳ್ಳಿ. ಈ ಕತೆ ನಿಮ್ಮ ಪೈಕಿಯವನದಲ್ಲ. ಬುದ್ಧಿ ಹೇಳೋ ಚಟ ಇರೋರು ಇನ್ನೂ ಹಿಂದಕ್ಕೆ! ಹಾಂ, ಈಗ ಸರಿಯಾಯಿತು.

ಮಂಜುಗಲ್ಲು ಬೆಟ್ಟದ ಮೇಲೆ ದೇವೀರಮ್ಮ ಅಂತ ಒಬ್ಬಳಿದ್ದಳು. ಗಂಡ ಇರಲಿಲ್ಲ. ಇದ್ದದ್ದು ಒಂದು ಗುಲಾಬಿ ತೋಟ, ಒಂದು ತಾಮ್ರದ ಹಂಡೆ, ಒಬ್ಬ ಮಗ. ತೋಟ ಹೂ ಕೊಡುತ್ತಿತ್ತು, ಹಂಡೆ ಎಣ್ಣೆ ಕೊಡುತ್ತಿತ್ತು, ಮಗ ತಲೆನೋವು ಕೊಡುತ್ತಿದ್ದ. ಅವನ ಹೆಸರು ಗುರುಮಲ್ಲ. ಕೆಟ್ಟವನಲ್ಲ, ಸೋಮಾರಿಯಲ್ಲ, ಅವ್ವ ಹೇಳಿದ ಮಾತು ಒಂದು ಗೆರೆ ಮೀರುವವನಲ್ಲ. ಅವಳ ಕಷ್ಟವೆಲ್ಲ ಅದೇ.

ಬೆಟ್ಟದ ಗುಲಾಬಿ ಎಣ್ಣೆ ಅಂದರೆ ಹರಳೆಣ್ಣೆ ಹಾಗೆ ಸೇರುಗಟ್ಟಲೆ ಬರುವುದಲ್ಲ. ವರ್ಷವೆಲ್ಲ ಬಿಟ್ಟ ಹೂ ಬೇಯಿಸಿದರೂ ಹೆಬ್ಬೆರಳು ಗಾತ್ರದ ಒಂದು ಸೀಸೆ ತುಂಬುವುದು ಕಷ್ಟ. ಉಪಯೋಗ ಏನು ಅಂತ ಊರವರನ್ನು ಕೇಳಬೇಕು ನೀವು! ತಲೆನೋವಿಗೆ ಹಣೆಗೆ, ನಿದ್ದೆಗೆ ದಿಂಬಿಗೆ, ಸುಕ್ಕಿಗೆ ಕೆನ್ನೆಗೆ, ಪಾಯಸಕ್ಕೆ ಒಂದು ತೊಟ್ಟು, ದೇವರಿಗೆ ಒಂದು ತೊಟ್ಟು, ಗಂಡ ಹೆಂಡಿರ ಜಗಳಕ್ಕೆ ಎರಡು ತೊಟ್ಟು. ಇಷ್ಟೆಲ್ಲ ವಾಸಿ ಮಾಡುವ ಎಣ್ಣೆ ಊರಲ್ಲೇ ಇದ್ದೂ ಊರವರ ತಲೆನೋವು, ಜಗಳ ಯಾಕೆ ಹಾಗೇ ಇದ್ದವೋ, ಅದನ್ನು ಮಾತ್ರ ಕೇಳಬೇಡಿ.

ಗುರುಮಲ್ಲನಿಗೆ ಹೆಣ್ಣು ಕೊಡುವವರು ಯಾರೂ ಇರಲಿಲ್ಲ. ಕೊನೆಗೆ ಬೆಟ್ಟದ ಕೆಳಗಿನ ತಗ್ಗಿನಹಳ್ಳಿಯ ರಾಚವ್ವ ಅನ್ನುವ ಮುದುಕಿ ಹೇಳಿಕಳಿಸಿದಳು. ಅವಳಿಗೆ ಮಾದೇವಿ ಅಂತ ಮೊಮ್ಮಗಳು. ಅವರಲ್ಲಿ ಗಂಡಿನವರು ಹೆಣ್ಣಿಗೆ ತೆರ ಕೊಡುವುದು ವಾಡಿಕೆ. ರಾಚವ್ವ ಕೇಳಿದ ತೆರ ಇಷ್ಟೇ: "ಮುದುಕ ಹೋದಾಗಿಂದ ನನಗೆ ನಿದ್ದೆ ಇಲ್ಲ. ಒಂದು ಸೀಸೆ ಗುಲಾಬಿ ಎಣ್ಣೆ ಕೊಡಿ, ಹುಡುಗೀನ ಕರ್ಕೊಂಡೋಗಿ."

ದೇವೀರಮ್ಮನ ಕಣ್ಣಲ್ಲಿ ನೀರು ಬಂತು. ಈ ವರ್ಷದ ಎಣ್ಣೆ ಕೆಟ್ಟರೆ ಮಗ ಹೀಗೇ ಉಳಿಯುತ್ತಾನೆ, ತಾನು ಸತ್ತ ಮೇಲೆ ಇವನಿಗೆ ಅನ್ನ ಇಕ್ಕುವವರು ಯಾರು? ಮಗನನ್ನು ಕೂರಿಸಿಕೊಂಡು ಹೇಳಿದಳು.

"ನೋಡ್ಲಾ, ಸೂರ್ಯ ನೋಡೋಕೆ ಮುಂಚೆ ಹೂವ ಕೀಳಬೇಕು. ಸೂರ್ಯನ ಕಣ್ಣಿಗೆ ಬಿತ್ತೋ, ಎಣ್ಣೆ ಹಾರಿಹೋಯ್ತದೆ. ತಿಳೀತಾ?"

"ತಿಳೀತು ಕಣವ್ವ!"

ತಿಳೀತಂತೆ!

ಬೆಳಕು ಹರಿಯುವ ಹೊತ್ತಿಗೆ ಗುರುಮಲ್ಲ ತೋಟಕ್ಕೆ ಹೋದ. ಅಷ್ಟರಲ್ಲಿ ಆಚೆ ಗುಡ್ಡದ ಮೇಲೆ ಕೆಂಪಗಾಯಿತು. ಅಯ್ಯೋ, ಸೂರ್ಯ ನೋಡಿಬಿಡುತ್ತಾನೆ! ಓಡಿದ. ಮನೆಯ ಕಂಬಳಿ ತಂದ, ಚಾಪೆ ತಂದ, ಗೋಣಿಚೀಲ ತಂದ, ಮಗನ ಮದುವೆಗೆ ಅಂತ ಅವ್ವ ಮಡಿಸಿಟ್ಟಿದ್ದ ಹೊಸ ಸೀರೆಯನ್ನೂ ತಂದ. ಗಿಡಕ್ಕೆಲ್ಲ ಹೊದಿಸಿದ. ಬರಿಗೈಲಿ ಮನೆಗೆ ಬಂದು ಗೋಡೆಗೆ ಒರಗಿ ಕೂತ.

"ಹೂವ ಎಲ್ಲೋ?"

"ಗಿಡದಲ್ಲಿ ಐತೆ. ಸೂರ್ಯ ಇನ್ನೂ ನೋಡಿಲ್ಲ ಕಣವ್ವ. ಸಂಜೆ ನಿಧಾನಕ್ಕೆ ಕಿತ್ತರಾಯ್ತು!"

ದೇವೀರಮ್ಮ ಓಡಿಹೋಗಿ ನೋಡಿದರೆ ಕಂಬಳಿ ಅಡಿಯಲ್ಲಿ ಹೂವೆಲ್ಲ ಬೆಂದು ಬಾಡಿ ಸೊಪ್ಪಿನ ಸಾರಾಗಿತ್ತು. ಹೊಸ ಸೀರೆ ಮುಳ್ಳಿಗೆ ಸಿಕ್ಕಿ ಜರಡಿಯಾಗಿತ್ತು.

"ಹೂವ ಬೇಯಬೇಕಾದ್ದು ಹಂಡೇಲಿ ಕಣೋ, ಗಿಡದಲ್ಲಲ್ಲ! ಹಂಡೇಗೆ ಮುಚ್ಚಳ ಹಾಕಿ, ಸುತ್ತ ಮಣ್ಣು ಮೆತ್ತಬೇಕು. ಹಬೆ ಕೊಳವೇಲೇ ಹೋಗಿ ಎಣ್ಣೆಯಾಗಿ ಇಳೀಬೇಕು. ಎಲ್ಲೇ ಹಬೆ ಕಂಡರೂ ಮಣ್ಣು ಮೆತ್ತು. ಹಬೆ ಹೋದರೆ ಎಣ್ಣೆ ಹೋದಂಗೆ. ತಿಳೀತಾ?"

"ತಿಳೀತು ಕಣವ್ವ!"

ತಿಳೀತಂತೆ! ಆಮೇಲೆ ಬಿಟ್ಟ ಹೂವನ್ನೆಲ್ಲ ಅವಳೇ ಕಿತ್ತಳು, ಅವಳೇ ಹಂಡೆಗೆ ತುಂಬಿದಳು. ಇವನು ಕೈಯಲ್ಲಿ ಒಂದು ಮುದ್ದೆ ಹಸಿಮಣ್ಣು ಹಿಡಿದು ಪಹರೆ ಕೂತ. ಹಂಡೆಯಲ್ಲಿ ಒಂದೆಳೆ ಹಬೆಯೂ ಕಾಣಲಿಲ್ಲ. ಪಕ್ಕದ ಮನೆಯಲ್ಲಿ ಕಂಡಿತು. ಅಲ್ಲಿ ಪುಟ್ಟತಾಯಮ್ಮ ಇಡ್ಲಿ ಬೇಯಿಸಿ ಮಾರುವವಳು. ಇಡ್ಲಿ ಪಾತ್ರೆಯಿಂದ ಬುಸುಬುಸು ಹಬೆ! ಗುರುಮಲ್ಲ ಬಿಡುತ್ತಾನೆಯೇ? ಪುಟ್ಟತಾಯಮ್ಮ ನೀರಿಗೆ ಹೋಗಿ ಬರುವುದರೊಳಗೆ ಪಾತ್ರೆಯ ಸುತ್ತ ಗೋಡೆಗೆ ಮೆತ್ತಿದ ಹಾಗೆ ಮೆತ್ತಿಟ್ಟ.

ಸ್ವಲ್ಪ ಹೊತ್ತಿಗೆ ಢಮಾರ್! ಮುಚ್ಚಳ ಸೂರಿಗೆ ಹಾರಿತು. ಇಡ್ಲಿಗಳು ಹೆಂಚಿಗೆ ಅಂಟಿಕೊಂಡವು. ಪುಟ್ಟತಾಯಮ್ಮನ ಬೈಗುಳ ಕೆಳಗಿನ ತಗ್ಗಿನಹಳ್ಳಿಗೂ ಕೇಳಿಸಿರಬೇಕು.

"ನಿನ್ನ ಎಣ್ಣೆ ಹೋಗಬಾರದು ಅಂತ ಮೆತ್ತಿದೆ ಕಣತ್ತೆ!" ಅಂದ ಗುರುಮಲ್ಲ. ಉಪಕಾರ ಸ್ಮರಣೆ ಎಲ್ಲಿದೆ ಈ ಕಾಲದಲ್ಲಿ?

ಅಂತೂ ಇಂತೂ ಎಣ್ಣೆ ಇಳಿಯಿತು. ಸೀಸೆ ಕಂಠದವರೆಗೂ ತುಂಬಿತು. ಕೂಡಲೇ ಊರಿನ ಕಾಯಿಲೆಗಳೆಲ್ಲ ಒಟ್ಟಿಗೆ ಎದ್ದು ಕೂತವು! ನೆನ್ನೆ ಕಲ್ಲು ಹೊತ್ತವನಿಗೆ ಇವತ್ತು ತಲೆ ಸಿಡಿತ. ಮಧ್ಯಾಹ್ನವೆಲ್ಲ ಗೊರಕೆ ಹೊಡೆದವನಿಗೆ ನಿದ್ದೆ ಬಾರದ ರೋಗ. "ಒಂದೇ ತೊಟ್ಟು ದೇವೀರಮ್ಮ, ಒಂದೇ ತೊಟ್ಟು!" ಅಂತ ಬಾಗಿಲಿಗೆ ಬಂದು ನಿಂತರು. ದೇವೀರಮ್ಮ ಸೀಸೆಗೆ ಬಿರಡೆ ಹಾಕಿ, ಬಟ್ಟೆ ಸುತ್ತಿ ಮಗನ ಕೈಗೆ ಕೊಟ್ಟಳು.

"ತಗ್ಗಿನಹಳ್ಳಿಗೆ ನೆಟ್ಟಗೆ ಹೋಗು. ಕಂಡೋರ ಇಡ್ಲಿ ಪಾತ್ರೆ ತಂಟೆಗೆ ಹೋಗಬೇಡ, ನಿನ್ನ ಸೀಸೆ ನೀನು ನೋಡ್ಕೊ. ಯಾರು ಕೇಳಿದರೂ ಕೊಡಬೇಡ, ಯಾರು ಕೇಳಿದರೂ ಬಿರಡೆ ತೆಗೀಬೇಡ! ತಿಳೀತಾ?"

"ತಿಳೀತು ಕಣವ್ವ!"

ಹೋದ. ದಾರಿಯಲ್ಲಿ ಕೇಳಿದವರಿಗೆಲ್ಲ "ಇಲ್ಲ" ಅಂದ. ಶಹಭಾಸ್! ತಗ್ಗಿನಹಳ್ಳಿಯಲ್ಲಿ ರಾಚವ್ವ ಜಗಲಿ ಮೇಲೆ ಚಾಪೆ ಹಾಸಿ ಕೂರಿಸಿದಳು, ಮಜ್ಜಿಗೆ ಕೊಟ್ಟಳು.

"ಎಣ್ಣೆ ತಂದೆಯಾ ಮಗ?"

"ತಂದೆ ಅಜ್ಜಿ."

"ಎಲ್ಲಿ, ಕೊಡು."

"ಕೊಡಾಕಿಲ್ಲ!"

"ಯಾಕಪ್ಪ?"

"ಯಾರು ಕೇಳಿದರೂ ಕೊಡಬೇಡ ಅಂತ ಅವ್ವ ಹೇಳವ್ಳೆ!" ಅಂದವನೇ ಸೀಸೆ ಎದೆಗವಚಿಕೊಂಡು ಎದ್ದು ಬೆಟ್ಟಕ್ಕೆ ಓಡಿಬಿಟ್ಟ. ಮಾದೇವಿ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು ನಕ್ಕು ನಕ್ಕು ಅಲ್ಲೇ ಕೂತಳು.

ಸೀಸೆ ತುಂಬಿದ ಹಾಗೇ ವಾಪಸ್ ಬಂದದ್ದು ಕಂಡು ದೇವೀರಮ್ಮ ಹಣೆ ಚಚ್ಚಿಕೊಂಡಳು.

"ಕೇಳಿದ ತಕ್ಷಣ ಕೊಡಬೇಕು ಕಣೋ! ಬಾಯಿಂದ ಮಾತು ಬೀಳೋ ಮುಂಚೆ ಕೊಡಬೇಕು! ತಿಳೀತಾ?"

"ತಿಳೀತು ಕಣವ್ವ!"

ಮುಂದಿನದು ನಾನು ಹೇಳಬೇಕೇ? ಹೇಳುತ್ತೇನೆ, ನಿಮಗೂ ಖುಷಿ, ನನಗೂ ಖುಷಿ. ಬೆಟ್ಟದ ತಿರುವಿನಲ್ಲಿ ಕುರಿ ಕಾಯುವವನು ಕೇಳಿದ, "ಏನ್ಲಾ ಅದು, ಕೊಡು ನೋಡೋಣ." ಕೊಟ್ಟ! ಅವನು ಮೀಸೆಗೆ ಹಚ್ಚಿಕೊಂಡ. ಸೌದೆಯವಳು ಕೇಳಿದಳು, ಕೊಟ್ಟ! ಅವಳು ಕೆನ್ನೆಗೆ, ಕತ್ತಿಗೆ, ಮೊಣಕಾಲಿಗೆ ಹಚ್ಚಿಕೊಂಡಳು. ನೆನ್ನೆ "ಇಲ್ಲ" ಅನ್ನಿಸಿಕೊಂಡವರೆಲ್ಲ ಇವತ್ತು ಸಾಲಾಗಿ ನಿಂತರು. ಒಬ್ಬ ಎತ್ತಿನ ಕೊಂಬಿಗೂ ಸವರಿದ. ಎತ್ತಿಗೆ ಏನು ದುಃಖವಿತ್ತೋ! ಒಬ್ಬೊಬ್ಬರಿಗೂ ಕೊಟ್ಟು, ಎಣ್ಣೆ ಮೆತ್ತಿದ ಕೈಯನ್ನು ಗುರುಮಲ್ಲ ತನ್ನ ಅಂಗಿಗೆ ಒರೆಸಿಕೊಳ್ಳುತ್ತಾ ಹೋದ. ಸೀಸೆಯ ತಳದಲ್ಲಿ ಒಂದು ತೊಟ್ಟು ಉಳಿದಾಗ ಕೇಳುವವರೂ ಮುಗಿದರು. ಅವ್ವನಿಗೆ ಹೇಳಿ ಬರೋಣ ಅಂತ ಮನೆಗೆ ತಿರುಗಿದ.

ದೇವೀರಮ್ಮ ಈ ಸಲ ಬೈಯಲಿಲ್ಲ. ಹಂಡೆಯ ಪಕ್ಕ ಕೂತು ಅತ್ತಳು. ಅವಳು ಅಳುವುದು ನೋಡಿ ಗುರುಮಲ್ಲನೂ ಅತ್ತ. ಯಾಕೆ ಅಂತ ಅವನಿಗೆ ಗೊತ್ತಿರಲಿಲ್ಲ. ಅವ್ವ ಅಳುತ್ತಿದ್ದಾಳೆ, ಅಷ್ಟೇ ಸಾಕಾಗಿತ್ತು.

ಕೊನೆಗೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದಳು. "ಇರೋ ಒಂದು ತೊಟ್ಟಾದರೂ ಆ ಮುದುಕಿ ಕೈಗೆ ಇಟ್ಟು ಬಾ. ಇನ್ನು ಮುಂದೆ ಯಾರೇ ಕೇಳಲಿ, ಒಂದು ಸಲಕ್ಕೆ ಒಂದು ತೊಟ್ಟು, ಅಷ್ಟೇ ಕೊಡೋದು. ಇನ್ನೊಂದು ಮಾತು. ಈ ಎಣ್ಣೆ ಚಳಿಗೆ ತುಪ್ಪದಂಗೆ ಗಟ್ಟಿಯಾಯ್ತದೆ. ಚಳಿಗೆ ಮರಗಟ್ಟಿದ್ದು ಕಂಡರೆ ಎದೆಗೆ ಒತ್ತಿ ಹಿಡ್ಕೊ. ಕರಗೋ ತನಕ ಬಿಡಬೇಡ. ತಿಳೀತಾ?"

"ತಿಳೀತು ಕಣವ್ವ," ಅಂದ ಮೆಲ್ಲಗೆ.

ಮಾರನೆಯ ದಿನ ಬೆಳಿಗ್ಗೆ ಕೊರೆಯುವ ಚಳಿ. ರಾಚವ್ವ ಜಗಲಿಯ ಮೇಲೆ ಸೆರಗು ಹೊದ್ದು ನಡುಗುತ್ತಾ ಕೂತಿದ್ದಳು. ಮನೆಯವರೆಲ್ಲ ಅಂಗಳದಲ್ಲಿದ್ದರು. ಗುರುಮಲ್ಲನನ್ನು ಕಂಡು ಮುದುಕಿ ಅಂದಳು, "ಬಂದೆಯಾ? ನಾನು ಚಳಿಗೆ ಮರಗಟ್ಟಿ ಹೋದೆ ಕಣಪ್ಪ."

ಮರಗಟ್ಟಿತು! ಗುರುಮಲ್ಲ ಸೀಸೆಯನ್ನು ಪಕ್ಕಕ್ಕೆ ಇಟ್ಟ. ಜಗಲಿ ಹತ್ತಿದ. ಮುದುಕಿಯನ್ನು ಎರಡು ಕೈಯಲ್ಲಿ ಬಾಚಿ ಎದೆಗೆ ಒತ್ತಿ ಹಿಡಿದುಕೊಂಡ.

"ಏಯ್! ಬಿಡೋ! ಮುದುಕೀನ ಬಿಡೋ!" ಅಂತ ಮನೆಯವರು ದೊಣ್ಣೆ ಹುಡುಕಿದರು.

"ಕರಗೋ ತನಕ ಬಿಡಾಕಿಲ್ಲ!"

ರಾಚವ್ವ ಮೊದಲು ಕೊಸರಿದಳು. ಆಮೇಲೆ ಸುಮ್ಮನಾದಳು. ಮೂಗು ಅವನ ಅಂಗಿಯಲ್ಲಿ ಹೂತಿತ್ತು. ಆ ಅಂಗಿಯಲ್ಲೋ, ವರ್ಷದ ಗುಲಾಬಿ ಎಲ್ಲ ಇತ್ತು! ಗಂಡ ಸತ್ತ ಮೇಲೆ ಅವಳನ್ನು ಯಾರೂ ಹೀಗೆ ಹತ್ತಿರಕ್ಕೆ ತೆಗೆದುಕೊಂಡಿರಲಿಲ್ಲ. ಎಲ್ಲರೂ ಔಷಧ ಹೇಳಿದವರೇ. ಮುದುಕಿಯ ಕಣ್ಣಲ್ಲಿ ನೀರು ಇಳಿಯಿತು, ಕೈ ಸಡಿಲವಾಯಿತು. ದೊಣ್ಣೆ ಹಿಡಿದವರು ಹತ್ತಿರ ಬಂದು ನೋಡಿದರೆ ಗೊರಕೆ!

ಹೊತ್ತು ನೆತ್ತಿಗೇರುವ ತನಕ ಗುರುಮಲ್ಲ ಅಲ್ಲಾಡಲಿಲ್ಲ. ಮುದುಕಿ ಎದ್ದವಳೇ "ಲಗ್ನ ಇಡಿಸ್ರೋ!" ಅಂದಳು. ಮಾದೇವಿಯನ್ನು ಕೇಳಿದರೆ ಅವಳಂದಳು, "ಹೇಳಿದ ಮಾತು ಕೇಳೋ ಗಂಡಸು ನಮ್ಮೂರಲ್ಲಿ ಒಬ್ಬನಾದರೂ ಅವ್ನಾ? ಇವನೇ ಇರಲಿ." ಅಲ್ಲಿದ್ದ ಗಂಡಸರು ಕೇಳಿಸಲಿಲ್ಲ ಅನ್ನುವ ಹಾಗೆ ದೊಣ್ಣೆ ಇಟ್ಟು ಹೊರಟರು.

ಮದುವೆಯಾಯಿತು. ಸೊಸೆಯನ್ನು ಮನೆ ತುಂಬಿಸಿಕೊಂಡ ದೇವೀರಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಸಂತೋಷದಲ್ಲಿ ಮೈಮರೆತು ಮತ್ತೆ ಬುದ್ಧಿ ಹೇಳಿದಳು. ಹೇಳಬಾರದಿತ್ತು.

"ನೋಡು ಮಗ, ಇಂಥ ಹುಡುಗಿ ನಮಗೆ ಸಿಕ್ಕಿದ್ದು ಬಾಳ ಅಪರೂಪ. ನಮ್ಮ ಗುಲಾಬಿ ಎಣ್ಣೆ ನೋಡ್ಕೊಂಡಂಗೆ ನೋಡ್ಕೊಬೇಕು. ತಿಳೀತಾ?"

"ತಿಳೀತು ಕಣವ್ವ!"

ದೇವೀರಮ್ಮ ಪುಟ್ಟತಾಯಮ್ಮನಿಗೆ ಎಲೆಅಡಿಕೆ ಕೊಟ್ಟು ವಾಪಸ್ ಬಂದಳು. ನಡುಮನೆಯ ಕೋಣೆಯ ಬಾಗಿಲು ಮುಚ್ಚಿತ್ತು. ಕಿಟಕಿಗೆ ಕಂಬಳಿ. ಬಾಗಿಲ ಸಂದಿಗೆಲ್ಲ ಹಸಿಮಣ್ಣು. ಮೊಣಕೈವರೆಗೂ ಕೆಸರು ಮಾಡಿಕೊಂಡು ಮಗ ಹೊಸಿಲ ಮೇಲೆ ಕೂತಿದ್ದ.

"ಮಾದೇವಿ ಎಲ್ಲೋ?"

"ಒಳಗೆ ಭದ್ರವಾಗಿ ಅವ್ಳೆ. ಸೂರ್ಯ ನೋಡಂಗಿಲ್ಲ, ಹಬೆ ಹೋಗಂಗಿಲ್ಲ!"

ಒಳಗಿಂದ ಬಾಗಿಲು ಬಡಿಯುವ ಸದ್ದು. "ಅತ್ತೆ! ಅತ್ತೆ!"

"ತೆಗೆಯೋ ಬಾಗಿಲ!"

"ಯಾರು ಕೇಳಿದರೂ ತೆಗೀಬೇಡ ಅಂದಿದ್ದೆ."

"ಅಯ್ಯೋ, ಕೇಳಿದ ತಕ್ಷಣ ಕೊಡು ಅಂತಲೂ ಅಂದಿದ್ದೆ ಕಣೋ! ಕೊಡೋ ನನ್ನ ಸೊಸೇನ!"

ಗುರುಮಲ್ಲ ಯೋಚಿಸಿದ. ಹೌದು, ಅದನ್ನೂ ಹೇಳಿದ್ದಳು. ಎದ್ದ. ಬಾಗಿಲ ಸಂದಿಯ ಮಣ್ಣಿನಲ್ಲಿ ಬೆರಳಿನಿಂದ, ಸರಿಯಾಗಿ ಸೀಸೆಯ ಬಾಯಿಯಷ್ಟೇ, ಒಂದು ತೂತು ಕೊರೆದ. ಬಗ್ಗಿ ಒಳಕ್ಕೆ ಪಿಸುಗುಟ್ಟಿದ. ಬಡಿಯುವ ಸದ್ದು ನಿಂತಿತು. ಒಳಗೆ ಕಿಲಕಿಲ ನಗು ಕೇಳಿಸಿತು. ಅರಿಶಿನ ಮೆತ್ತಿದ ಒಂದು ಕಿರುಬೆರಳು ಆ ತೂತಿನಿಂದ ಆಚೆಗೆ ಬಂತು.

"ತಗೋ ಅವ್ವ," ಅಂದ ಗುರುಮಲ್ಲ, "ಒಂದು ಸಲಕ್ಕೆ ಇಷ್ಟೇ ಕೊಡೋದು!"

ದೇವೀರಮ್ಮ ಆ ಬೆರಳು ಹಿಡಿದುಕೊಂಡು ಹೊಸಿಲ ಮೇಲೆ ಕುಸಿದು ಕೂತಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. ಬಾಗಿಲ ಮಣ್ಣು ಇನ್ನೂ ಹಸಿಯಾಗಿದೆ, ಕೆರೆಯಲು ಕೈ ಇದ್ದವರು ಬನ್ನಿ. ಬುದ್ಧಿ ಹೇಳುವವರು ಮಾತ್ರ, ನಿಮ್ಮ ದಮ್ಮಯ್ಯ, ಮನೆಯಲ್ಲೇ ಇರಿ.