ಉಕ್ಕಿನ ಪೈಪು ಮತ್ತು ಕೆಂಪು ದೀಪದ ವೈರು

ದ್ಯಾಮಣ್ಣ ತನ್ನ ಬೈಕಿನ ಮುಂದಿನ ಬ್ರೇಕಿನ ಹಳೆಯ ರಬ್ಬರ್ ಪೈಪು ತೆಗೆಸಿ, ಉಕ್ಕಿನ ತಂತಿ ಹೆಣೆದ ಹೊಸ ಪೈಪು ಹಾಕಿಸಿದ. ಅದರ ಪಕ್ಕದಲ್ಲೇ, ಬ್ರೇಕ್ ಹಿಡಿದಾಗ ಹಿಂದೆ ಹತ್ತುವ ಕೆಂಪು ದೀಪದ ತೆಳ್ಳನೆಯ ವೈರು ಇತ್ತು.

“ಅಣ್ಣಾ, ಹ್ಯಾಂಡಲ್ ತಿರುಗಿದಾಗೆಲ್ಲ ನಿನ್ನ ಮೈ ನನಗೆ ಉಜ್ಜುತ್ತದೆ. ಸ್ವಲ್ಪ ಸರಿದುಕೋ,” ಎಂದಿತು ವೈರು.

“ನಾನೇನು ಹೊಡೆದೆನೇ, ಬೈದೆನೇ? ಪಕ್ಕದಲ್ಲಿದ್ದೇನೆ, ಅಷ್ಟೇ. ಹಳೆಯ ಪೈಪು ಒತ್ತಡಕ್ಕೆ ಉಬ್ಬುತ್ತಿತ್ತು, ನಾನು ಉಬ್ಬುವವನಲ್ಲ. ಇವನ ಜೀವ ಕಾಯುವುದು ನನ್ನ ಕೆಲಸ.”

“ಆ ಕೆಲಸದಲ್ಲಿ ನನಗೂ ಪಾಲಿದೆ, ಅಣ್ಣಾ.”

ಪೈಪಿಗೆ ನಗು ಬಂತು. ವೈರು ಮತ್ತೆಂದೂ ದೂರಲಿಲ್ಲ. ದೂರಲಿಲ್ಲವೆಂದ ಮೇಲೆ ನೋವೂ ಇಲ್ಲವೆಂದು ಪೈಪು ತಿಳಿದುಕೊಂಡಿತು.

ಒಂದು ಸಂಜೆ ಹೆದ್ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ದ್ಯಾಮಣ್ಣ ಹೊಸ ಬ್ರೇಕನ್ನು ನಂಬಿ ಅದೊಂದನ್ನೇ ಹಿಡಿದ. ಪೈಪು ಮಾತಿಗೆ ತಪ್ಪಲಿಲ್ಲ. ಎಮ್ಮೆ ಇನ್ನೂ ಮಾರು ದೂರವಿರುವಾಗಲೇ ಬೈಕು ನಿಂತಿತು.

“ನೋಡಿದೆಯಾ?” ಎಂದು ಪೈಪು ಪಕ್ಕಕ್ಕೆ ಕೇಳಿತು.

ವೈರು ಬೆಳಗ್ಗೆಯೇ ಸವೆದು ತುಂಡಾಗಿತ್ತು. ದೀಪ ಹತ್ತಲಿಲ್ಲ. ಬೈಕು ನಿಂತದ್ದು ಹಿಂದೆ ಬರುತ್ತಿದ್ದ ಲಾರಿಯವನಿಗೆ ತಿಳಿಯಲಿಲ್ಲ.

ಜನ ದ್ಯಾಮಣ್ಣನನ್ನು ಎತ್ತಿ ತಂದು ರಸ್ತೆಯ ಅಂಚಿನಲ್ಲಿ ಮಲಗಿಸಿ, ಮುಖದ ಮೇಲೆ ಟವೆಲು ಹೊದಿಸಿದರು. ನಜ್ಜುಗುಜ್ಜಾದ ಬೈಕಿನಲ್ಲಿ ಪೈಪು ಮಾತ್ರ ಒಂದು ಗೀರೂ ಇಲ್ಲದೆ ಹೊಳೆಯುತ್ತಿತ್ತು. ಅದರ ಹೆಣಿಗೆಯ ಸಂದುಗಳಲ್ಲಿ ವೈರಿನ ಮೈಯಿಂದ ಉದುರಿದ ಕಪ್ಪು ಪುಡಿ ಸಿಕ್ಕಿಕೊಂಡಿತ್ತು. ಪೈಪು ಇಷ್ಟು ದಿನ ಅದನ್ನು ರಸ್ತೆಯ ದೂಳು ಎಂದುಕೊಂಡಿತ್ತು.